ಬಂಧಕ ಡೊಮೇನನ್ನೇ ಗಾಳವಾಗಿಸಿ ಪ್ರೋಟೀನುಗಳ ನಂಟನ್ನು ಪರೀಕ್ಷಿಸುವ ಬಗೆ

ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿಯುತ್ತವೆಯೇ ಎಂಬ ಪ್ರಶ್ನೆ ಎದುರಾದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ತೆರೆಯುವುದು ಆಂಟಿಬಾಡಿಗಳ ಬೆಲೆಪಟ್ಟಿಯನ್ನು. ಬಳ್ಳಾರಿ, ರಾಯಚೂರು, ಕೊಪ್ಪಳದಂತಹ ಊರುಗಳ ಸ್ನಾತಕೋತ್ತರ ವಿಭಾಗಗಳಿಗೆ ಆ ದಾರಿ ದುಬಾರಿಯಾದದ್ದು. ಬೇಸಿಗೆಯಲ್ಲಿ ಬೆಂಗಳೂರಿನಿಂದ ಹೊರಟ ಥರ್ಮೊಕೋಲ್ ಡಬ್ಬಿ ಇಲ್ಲಿಗೆ ತಲುಪುವ ಹೊತ್ತಿಗೆ ಒಳಗಿನ ಐಸ್ ಪ್ಯಾಕ್ ನೀರಾಗಿರುವುದೂ ಉಂಟು. ಪ್ರೋಟೀನುಗಳು ಪರಸ್ಪರ ಹಿಡಿದುಕೊಳ್ಳಲು ತಾವೇ ಬಳಸುವ ಚಿಕ್ಕ ಭಾಗಗಳನ್ನು, ಅಂದರೆ ಬಂಧಕ ಡೊಮೇನುಗಳನ್ನು, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿಕೊಂಡು ಗಾಳವಾಗಿ ಬಳಸುವ ವಿಧಾನಕ್ಕೆ ಒಂದು ಶೇಕರ್, ಒಂದು ತಣ್ಣನೆಯ ಸೆಂಟ್ರಿಫ್ಯೂಜ್, ಜೆಲ್ ಟ್ಯಾಂಕು ಮತ್ತು ಒಂದು ಫ್ರೀಜರ್ ಇದ್ದರೆ ಸಾಕು. ಖರ್ಚು ಕಡಿಮೆ ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ಶಿಫಾರಸು ಮಾಡುತ್ತಿಲ್ಲ. ಸಾಮಾನ್ಯ ಆಂಟಿಬಾಡಿ ಒಂದು ಪ್ರೋಟೀನು ಇದೆ ಎಂದಷ್ಟೇ ತಿಳಿಸಿದರೆ, ಡೊಮೇನು ಆ ಪ್ರೋಟೀನು ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಓದುತ್ತದೆ: ಅದಕ್ಕೆ ಫಾಸ್ಫೇಟ್ ಅಂಟಿದೆಯೇ, ಅದು ಜಿಟಿಪಿ ಎಂಬ ಚಿಕ್ಕ ಅಣುವನ್ನು ಹಿಡಿದುಕೊಂಡಿದೆಯೇ, ಅದರ ತುದಿ ತೆರೆದುಕೊಂಡಿದೆಯೇ ಎಂಬುದನ್ನು.

ಯಾವ ಪ್ರಶ್ನೆಗೆ ಯಾವ ಡೊಮೇನು

ಈ ಉಪಕರಣಪೆಟ್ಟಿಗೆಯಲ್ಲಿ ಹಿರಿಯ ಸ್ಥಾನ ಎಸ್‌ಎಚ್2 ಡೊಮೇನಿಗೆ ಸಲ್ಲಬೇಕು. ಸುಮಾರು 100 ಅಮೈನೋ ಆಮ್ಲಗಳಷ್ಟು ಉದ್ದದ ಈ ಭಾಗವನ್ನು 1986ರಲ್ಲಿ ಟೋನಿ ಪಾಸನ್ ಅವರ ಗುಂಪು ಗುರುತಿಸಿತು. ಮನುಷ್ಯನ ಜೀನೋಮಿನಲ್ಲಿ ಇಂತಹ ಸುಮಾರು 120 ಡೊಮೇನುಗಳಿವೆ. ಇವುಗಳಲ್ಲಿ ಬಹುಪಾಲು ಫಾಸ್ಫೇಟ್ ಅಂಟಿದ ಟೈರೋಸಿನ್ ಅನ್ನು ಗುರುತಿಸುತ್ತವೆಯಾದರೂ, ಆ ಟೈರೋಸಿನ್ನಿನ ನಂತರ ಬರುವ ಅಮೈನೋ ಆಮ್ಲಗಳ ವಿಷಯದಲ್ಲಿ ಒಂದೊಂದಕ್ಕೆ ಒಂದೊಂದು ಆಯ್ಕೆಯಿದೆ. ಸಾರ್ಕ್ ಪ್ರೋಟೀನಿನ ಎಸ್‌ಎಚ್2 ಫಾಸ್ಫೋಟೈರೋಸಿನ್ನಿನ ನಂತರವೇ ಎರಡು ಗ್ಲುಟಮೇಟ್ ಮತ್ತು ಒಂದು ಐಸೋಲ್ಯೂಸಿನ್ ಇರುವ ಸರಣಿಯನ್ನು ಇಷ್ಟಪಡುತ್ತದೆ. ಗ್ರಬ್2 ಪ್ರೋಟೀನಿನದು ಟೈರೋಸಿನ್ನಿನಿಂದ ಎರಡನೆಯ ಸ್ಥಾನದಲ್ಲಿ ಆಸ್ಪರಜಿನ್ ಇರಲೇಬೇಕೆಂದು ಹಟ ಹಿಡಿಯುತ್ತದೆ. ಹೀಗಾಗಿ ಒಂದು ರಿಸೆಪ್ಟರ್ (ಕೋಶದ ಹೊರಗಿನ ಸಂಕೇತವನ್ನು ಹಿಡಿಯುವ ಪ್ರೋಟೀನು) ಫಾಸ್ಫೇಟ್ ಪಡೆದಿದೆಯೇ ಎಂಬುದರ ಜೊತೆಗೆ, ಆ ಫಾಸ್ಫೇಟ್ ಯಾವ ಬಗೆಯ ನೆರೆಯಲ್ಲಿ ಕುಳಿತಿದೆ ಎಂಬ ಸುಳಿವೂ ದೊರೆಯುತ್ತದೆ.

ಸುಮಾರು 60 ಅಮೈನೋ ಆಮ್ಲಗಳ ಎಸ್‌ಎಚ್3 ಮತ್ತು 40ಕ್ಕೂ ಕಡಿಮೆ ಇರುವ ಡಬ್ಲ್ಯುಡಬ್ಲ್ಯು ಡೊಮೇನುಗಳು ಪ್ರೋಲಿನ್ ಹೆಚ್ಚಾಗಿರುವ ಸರಣಿಗಳನ್ನು ಹಿಡಿಯುತ್ತವೆ. 14-3-3 ಪ್ರೋಟೀನುಗಳಿಗೆ ಬೇಕಾದದ್ದು ಫಾಸ್ಫೇಟ್ ಅಂಟಿದ ಸೀರಿನ್ ಅಥವಾ ಥ್ರಿಯೋನಿನ್. ಬ್ರೊಮೊಡೊಮೇನು ಅಸಿಟೈಲ್ ಅಂಟಿದ ಲೈಸಿನ್ ಅನ್ನು ಓದುತ್ತದೆ. ಪಿಡಿಝಡ್ ಡೊಮೇನುಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅವುಗಳಲ್ಲಿ ಬಹುಪಾಲು ಎದುರಿನ ಪ್ರೋಟೀನಿನ ಸಿ-ತುದಿಯ ಕೊನೆಯ ನಾಲ್ಕಾರು ಅಮೈನೋ ಆಮ್ಲಗಳನ್ನು, ಅಲ್ಲಿರುವ ಮುಕ್ತ ಕಾರ್ಬಾಕ್ಸಿಲ್ ಗುಂಪಿನ ಸಮೇತ ಹಿಡಿಯುತ್ತವೆ. ಎದುರಿನ ಪ್ರೋಟೀನಿನ ಆ ತುದಿಗೆ ಫ್ಲ್ಯಾಗ್, ಹಿಸ್ಟಿಡಿನ್ ಅಥವಾ ಹಸಿರಾಗಿ ಹೊಳೆಯುವ ಜಿಎಫ್‌ಪಿಯಂಥ ಟ್ಯಾಗನ್ನು (ಗುರುತಿಗಾಗಿ ಬೆಸೆಯುವ ತುಣುಕನ್ನು) ಜೋಡಿಸಿಟ್ಟು, ನಂತರ ನಂಟು ಕಾಣಿಸಲಿಲ್ಲ ಎಂದು ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ಟ್ಯಾಗ್ ಬೇಕೇ ಬೇಕೆಂದಿದ್ದರೆ ಅದು ಎನ್-ತುದಿಯಲ್ಲಿ, ಅಂದರೆ ಪ್ರೋಟೀನಿನ ಆರಂಭದಲ್ಲಿರಲಿ.

ಗಾಳವನ್ನು ತಯಾರಿಸುವುದು

ಡೊಮೇನನ್ನು ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ (ಜಿಎಸ್‌ಟಿ) ಎಂಬ, ಗ್ಲುಟಾಥಯೋನ್ ತೊಡಿಸಿದ ಪುಟ್ಟ ಮಣಿಗಳಿಗೆ (ಬೀಡ್ಸಿಗೆ) ಅಂಟಿಕೊಳ್ಳುವ, 26 ಕಿಲೋಡಾಲ್ಟನ್ ತೂಕದ ಪ್ರೋಟೀನಿಗೆ ಬೆಸೆದು ತಯಾರಿಸುವ ಕ್ರಮ 1988ರಿಂದ ಬಳಕೆಯಲ್ಲಿದೆ, ಮತ್ತು ಹೊಸಬರಿಗೆ ಇಂದಿಗೂ ಅದೇ ಸುಲಭ. ಜಿಎಸ್‌ಟಿ ಬೆಸುಗೆಗಾಗಿ ಇರುವ ಪಿಜೆಕ್ಸ್ ಎಂಬ ಪ್ಲಾಸ್ಮಿಡ್‌ಗಳಲ್ಲಿ (ಬ್ಯಾಕ್ಟೀರಿಯಾದೊಳಗಿನ ಡಿಎನ್‌ಎ ಉಂಗುರಗಳಲ್ಲಿ) ಸಿದ್ಧವಾಗಿರುವ ಅನೇಕ ಡೊಮೇನುಗಳು ಆಡ್‌ಜೀನ್ ಎಂಬ ಪ್ಲಾಸ್ಮಿಡ್ ಸಂಗ್ರಹದಲ್ಲಿ ದೊರೆಯುತ್ತವೆ. ಅವು ಅಗರ್‌ನಲ್ಲಿ ಚುಚ್ಚಿದ ಬ್ಯಾಕ್ಟೀರಿಯಾದ ರೂಪದಲ್ಲಿ ಬರುವುದರಿಂದ ಐಸ್ ಕರಗುವ ಚಿಂತೆಯಿಲ್ಲ. ಆದರೆ ತಲುಪಿದ ದಿನವೇ ತಟ್ಟೆಯ ಮೇಲೆ ಗೆರೆ ಎಳೆದು ಬೆಳೆಸಿ, ಗ್ಲಿಸರಾಲಿನಲ್ಲಿ ದಾಸ್ತಾನು ಮಾಡಿಕೊಳ್ಳಬೇಕು. ತಾವೇ ಕ್ಲೋನ್ ಮಾಡುವವರು ಡೊಮೇನಿನ ಗಡಿಗಳನ್ನು ಯೂನಿಪ್ರಾಟ್ ಎಂಬ ಪ್ರೋಟೀನು ಮಾಹಿತಿಕೋಶದಲ್ಲಿ ನೋಡಿ, ಎರಡೂ ಬದಿಗೆ ಐದರಿಂದ ಹತ್ತು ಅಮೈನೋ ಆಮ್ಲಗಳನ್ನು ಹೆಚ್ಚಿಗೆ ಬಿಟ್ಟುಕೊಳ್ಳುವುದು ಒಳ್ಳೆಯದು. ಗಡಿಗೆ ಸರಿಯಾಗಿ ಕತ್ತರಿಸಿದ ಡೊಮೇನು ಅನೇಕ ವೇಳೆ ಸರಿಯಾಗಿ ಮಡಚಿಕೊಳ್ಳದೆ ಗಸಿಯಾಗಿ ತಳ ಸೇರುತ್ತದೆ. ಇಂತಹ ಡಿಎನ್‌ಎ ಕೆಲಸಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಬಿಎಲ್21 ಎಂಬ ಇ. ಕೋಲಿ ತಳಿಯನ್ನು 37 ಡಿಗ್ರಿಯಲ್ಲಿ ಅದರ ಕಲಕುತನದ ಅಳತೆ (ಓ.ಡಿ.) 0.6 ಆಗುವವರೆಗೆ ಬೆಳೆಸಿ, ಪ್ರೋಟೀನಿನ ತಯಾರಿಕೆಯನ್ನು ಚಾಲೂ ಮಾಡುವ ಐಪಿಟಿಜಿಯನ್ನು 0.1ರಿಂದ 0.5 ಮಿಲಿಮೋಲಾರಿನಷ್ಟು ಸೇರಿಸಿ, 16ರಿಂದ 18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಬೇಕೆಂದು ಅನೇಕ ಪ್ರೋಟೊಕಾಲ್‌ಗಳು ಹೇಳುತ್ತವೆ. ನಮ್ಮ ಭಾಗದಲ್ಲಿ ತೊಡಕಾಗುವುದು ಇಲ್ಲಿಯೇ. ತಂಪು ಮಾಡುವ ವ್ಯವಸ್ಥೆಯಿಲ್ಲದ ಶೇಕರ್ ತನ್ನ ಸುತ್ತಲಿನ ಗಾಳಿಗಿಂತ ಕೆಳಗೆ ಇಳಿಯಲಾರದು. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಅದರ ಗುಂಡಿಯನ್ನು 18ಕ್ಕೆ ತಿರುಗಿಸಿಟ್ಟರೆ ಪರದೆಯ ಮೇಲೆ 18 ಎಂದು ಗುರಿ ಕಾಣಿಸುತ್ತದೆಯೇ ಹೊರತು ಫ್ಲಾಸ್ಕಿನೊಳಗೆ ಅಲ್ಲ. ಥರ್ಮಾಮೀಟರನ್ನು ನೀರು ತುಂಬಿದ ಒಂದು ಫ್ಲಾಸ್ಕಿನಲ್ಲಿಳಿಸಿ ನಿಜವಾದ ಉಷ್ಣಾಂಶವನ್ನು ಓದಿಕೊಳ್ಳಿ. ಶೇಕರನ್ನು ಎಸಿ ಕೋಣೆಗೆ ಸಾಗಿಸಿದರೆ 24–25 ಡಿಗ್ರಿ ಸಿಗುತ್ತದೆ. ಅಲ್ಲಿ ಐಪಿಟಿಜಿಯನ್ನು 0.1 ಮಿಲಿಮೋಲಾರಿಗೆ ಇಳಿಸಿ ನಾಲ್ಕರಿಂದ ಐದು ಗಂಟೆ ಬೆಳೆಸಿದರೆ ಬಹುತೇಕ ಎಸ್‌ಎಚ್3 ಮತ್ತು ಪಿಡಿಝಡ್ ಡೊಮೇನುಗಳು ಕರಗಿದ ಸ್ಥಿತಿಯಲ್ಲಿಯೇ ದೊರೆಯುತ್ತವೆ. ಹಟಮಾರಿಯಾದ ಎಸ್‌ಎಚ್2ಗಳನ್ನು ಚಳಿಗಾಲದಲ್ಲಿ ಒಮ್ಮೆಗೆ ಹೆಚ್ಚು ತಯಾರಿಸಿ, ಗ್ಲಿಸರಾಲ್ ಸೇರಿಸಿ, ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡುವುದು ಲೇಸು. ಕರೆಂಟು ಹೋಗುವ ಊರಿನಲ್ಲಿ ರಾತ್ರಿಯಿಡೀ ಶೇಕರನ್ನು ನಂಬುವುದಕ್ಕಿಂತ ಹಗಲಿನ ಐದು ಗಂಟೆಗಳೇ ಕ್ಷೇಮ, ಏಕೆಂದರೆ ಅಲುಗಾಟ ನಿಂತ ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಗುವುದಿಲ್ಲ.

ಸೆಕೆಯಿಂದ ಇನ್ನೊಂದು ತೊಂದರೆಯೂ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಟ್ರಿಸ್ ಬಫರಿನ ಪಿಎಚ್ ಉಷ್ಣಾಂಶ ಒಂದು ಡಿಗ್ರಿ ಏರಿದಾಗ ಸುಮಾರು 0.03ರಷ್ಟು ಇಳಿಯುತ್ತದೆ. 38 ಡಿಗ್ರಿಯ ಮೇಜಿನ ಮೇಲೆ 7.5 ಎಂದು ಸರಿಪಡಿಸಿದ ಬಫರು 4 ಡಿಗ್ರಿಗೆ ಇಳಿದಾಗ 8.5ರ ಆಸುಪಾಸಿಗೆ ಹೋಗಿರುತ್ತದೆ. ಆದ್ದರಿಂದ ಪಿಎಚ್ ನೋಡುವ ಮೊದಲು ಬಫರನ್ನು ತಣ್ಣಗಾಗಿಸಿ, ಮೀಟರನ್ನೂ ಆ ಉಷ್ಣಾಂಶಕ್ಕೆ ಹೊಂದಿಸಬೇಕು. ಇಲ್ಲವೇ ಇದರ ಅರ್ಧದಷ್ಟು ಮಾತ್ರ ಬದಲಾಗುವ ಹೆಪಿಸ್ ಬಫರನ್ನು ಬಳಸಬೇಕು. ಬಫರಿಗೆ ಡಿಸ್ಟಿಲ್ಡ್ ನೀರೇ ಆಗಬೇಕು; ನಮ್ಮ ಕೊಳವೆಬಾವಿಗಳ ಗಡುಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕಗಳನ್ನೂ ತಲೆಕೆಳಗು ಮಾಡುತ್ತವೆ.

ಹಿಡಿಯದ ಗಾಳ

ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಧಾನದ ತೂಕ ನಿಂತಿರುವುದು ಹಿಡಿಯುವ ಡೊಮೇನಿನ ಮೇಲಲ್ಲ, ಒಂದೇ ಅಮೈನೋ ಆಮ್ಲ ಬದಲಾಯಿಸಿ ಹಿಡಿತ ಕಳೆದ ಅದರ ಜೋಡಿಯ ಮೇಲೆ. ಬಹುತೇಕ ಪ್ರತಿ ಎಸ್‌ಎಚ್2 ಡೊಮೇನಿನ ಆಳದಲ್ಲಿ ಫಾಸ್ಫೇಟನ್ನು ನೇರವಾಗಿ ಹಿಡಿಯುವ ಒಂದು ಆರ್ಜಿನಿನ್ ಇದೆ. ಸಾರ್ಕ್‌ನಲ್ಲಿ (ಕೋಳಿಯ ಪ್ರೋಟೀನಿನ ಎಣಿಕೆಯಂತೆ) ಅದು 175ನೆಯದು, ಗ್ರಬ್2ರಲ್ಲಿ 86ನೆಯದು. ಅದನ್ನು ಲೈಸಿನ್ನಿಗೆ ಬದಲಾಯಿಸಿದರೆ ವಿದ್ಯುದಾವೇಶ ಹಾಗೆಯೇ ಉಳಿಯುತ್ತದೆ, ಮಡಿಕೆಯೂ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಫಾಸ್ಫೋಟೈರೋಸಿನ್ ಜೊತೆಗಿನ ಹಿಡಿತ ತಪ್ಪುತ್ತದೆ. ಎಸ್‌ಎಚ್3 ಡೊಮೇನಿನಲ್ಲಿ ಇದೇ ಕೆಲಸವನ್ನು ಬಂಧಕ ಮೇಲ್ಮೈಯ ಟ್ರಿಪ್ಟೊಫ್ಯಾನನ್ನು ಬದಲಾಯಿಸಿ ಸಾಧಿಸಬಹುದು. ಗ್ರಬ್2ರ ಮೊದಲ ಎಸ್‌ಎಚ್3ಯಲ್ಲಿ 36ನೆಯ ಟ್ರಿಪ್ಟೊಫ್ಯಾನನ್ನು ಲೈಸಿನ್ ಮಾಡುವುದು ರೂಢಿ.

ಬರಿಯ ಜಿಎಸ್‌ಟಿಯನ್ನು ನಿಯಂತ್ರಣವಾಗಿ ಬಳಸಿ ಕೈತೊಳೆದುಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಜಿಎಸ್‌ಟಿ ಇರಬೇಕಾದದ್ದೇ, ಆದರೆ ಅದು ಬೀಡ್ಸಿಗೂ ಜಿಎಸ್‌ಟಿಗೂ ಅಂಟಿದ ಕಸವನ್ನು ಮಾತ್ರ ತೋರಿಸುತ್ತದೆ. ಡೊಮೇನಿನ ಮೈಗೆ ಎಲ್ಲೆಂದರಲ್ಲಿ ಅಂಟಿಕೊಂಡ ಪ್ರೋಟೀನನ್ನು ಅದರ ಬಂಧಕ ಕುಳಿಯಲ್ಲಿಯೇ ಕುಳಿತ ಪ್ರೋಟೀನಿನಿಂದ ಬೇರ್ಪಡಿಸಿ ತೋರಿಸಬಲ್ಲದ್ದು ಹಿಡಿಯದ ಗಾಳ ಮಾತ್ರ. ಕ್ಲೋನ್ ಮಾಡಲು ಬೇಕಾದ ಡಿಎನ್‌ಎ ತುಣುಕುಗಳನ್ನು (ಪ್ರೈಮರ್) ತರಿಸುವಾಗಲೇ ಎರಡನ್ನೂ ಒಟ್ಟಿಗೆ ತರಿಸಿ.

ಎಷ್ಟು ಹಾಕಬೇಕು

ಈ ಡೊಮೇನುಗಳ ಹಿಡಿತ ಸಡಿಲವಾದದ್ದು. ಎಸ್‌ಎಚ್2ರ ವಿಘಟನಾ ಸ್ಥಿರಾಂಕ (ಅರ್ಧಭಾಗ ಬಂಧಿತವಾಗಲು ಬೇಕಾದ ಸಾರತೆ; ಕಡಿಮೆಯಾದಷ್ಟೂ ಹಿಡಿತ ಬಿಗಿ) ಸಾಮಾನ್ಯವಾಗಿ 0.1ರಿಂದ 10 ಮೈಕ್ರೋಮೋಲಾರ್ ನಡುವೆ ಇರುತ್ತದೆ. ಎಸ್‌ಎಚ್3ಯದು 1ರಿಂದ 100ರವರೆಗೂ ಹೋಗುತ್ತದೆ. ಒಳ್ಳೆಯ ಆಂಟಿಬಾಡಿಗಳು ನ್ಯಾನೋಮೋಲಾರ್ ಮಟ್ಟದಲ್ಲಿ ಹಿಡಿಯುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ, ಆಂಟಿಬಾಡಿಯ ಪ್ರೋಟೊಕಾಲನ್ನು ಹಾಗೆಯೇ ಇಲ್ಲಿಗೆ ತಂದರೆ ಏಕೆ ಏನೂ ಸಿಗುವುದಿಲ್ಲ ಎಂಬುದು ತಿಳಿಯುತ್ತದೆ.

ಲೆಕ್ಕ ಸರಳವಾಗಿದೆ. ಜಿಎಸ್‌ಟಿಗೆ ಬೆಸೆದ ಎಸ್‌ಎಚ್2 ಸುಮಾರು 38 ಕಿಲೋಡಾಲ್ಟನ್ ತೂಗುತ್ತದೆ. ಅದರ 20 ಮೈಕ್ರೋಗ್ರಾಂ ಅನ್ನು 500 ಮೈಕ್ರೋಲೀಟರಿನಲ್ಲಿ ಹಾಕಿದರೆ ಸಾರತೆ ಸರಿಸುಮಾರು 1 ಮೈಕ್ರೋಮೋಲಾರ್ ಆಗುತ್ತದೆ. ಸ್ಥಿರಾಂಕವೂ 1 ಮೈಕ್ರೋಮೋಲಾರ್ ಆಗಿದ್ದರೆ ಎದುರಿನ ಪ್ರೋಟೀನಿನ ಅರ್ಧಭಾಗ ಬಂಧಿತವಾಗುತ್ತದೆ. ಉಳಿತಾಯದ ಆಸೆಯಿಂದ 2 ಮೈಕ್ರೋಗ್ರಾಂ ಮಾತ್ರ ಹಾಕಿದವರಿಗೆ ದೊರೆಯುವುದು ನೂರಕ್ಕೆ ಒಂಬತ್ತು ಪಾಲು, ಅದರಲ್ಲಿಯೂ ಹೆಚ್ಚಿನದು ತೊಳೆಯುವಾಗ ಹೋಗುತ್ತದೆ. ಒಂದು ಮಿಲಿಗ್ರಾಂ ಗಾಳದಿಂದ 50 ಪ್ರಯೋಗಗಳು ಆಗುತ್ತವೆ, ಬ್ಯಾಕ್ಟೀರಿಯಾ ಅದನ್ನು ಧಾರಾಳವಾಗಿ ಕೊಡುತ್ತದೆ. ಜಿಪುಣತನಕ್ಕೆ ಇಲ್ಲಿ ಕಾರಣವೇ ಇಲ್ಲ.

ಜಿಎಸ್‌ಟಿ ಜೋಡಿಯಾಗಿ ಇರುವ ಪ್ರೋಟೀನು. ಆದ್ದರಿಂದ ಅದಕ್ಕೆ ಬೆಸೆದ ಡೊಮೇನುಗಳೂ ಜೋಡಿಯಾಗಿಯೇ ನಿಂತಿರುತ್ತವೆ, ಎರಡು ಫಾಸ್ಫೇಟ್ ತಾಣಗಳಿರುವ ರಿಸೆಪ್ಟರನ್ನು ಎರಡೂ ಕೈಗಳಿಂದ ಹಿಡಿಯುತ್ತವೆ. ನಂಟು ಇದೆಯೋ ಇಲ್ಲವೋ ಎಂದು ನೋಡುವವರಿಗೆ ಇದು ಅನುಕೂಲ. ಆದರೆ ಇದರಿಂದ ಬಂದ ಅಂಕಿಯನ್ನು ಒಂಟಿ ಡೊಮೇನಿನ ನಿಜವಾದ ಹಿಡಿತವೆಂದು ಬರೆಯುವಂತಿಲ್ಲ.

ಮೊದಲ ಪ್ರಯೋಗಕ್ಕೆ ಕುರಿಯ ಮಿದುಳು

ಜೀವಕೋಶಗಳನ್ನು ಬೆಳೆಸುವ ಸೌಲಭ್ಯವಾಗಲಿ ಆಂಟಿಬಾಡಿಯಾಗಲಿ ಇಲ್ಲದವರು ಆರಂಭಿಸಲು ಯೋಗ್ಯವಾದದ್ದು ಆಂಫಿಫೈಸಿನ್ ಎಂಬ ಪ್ರೋಟೀನಿನ ಎಸ್‌ಎಚ್3 ಡೊಮೇನು. ಅದು ನರಕೋಶಗಳಲ್ಲಿ ಹೇರಳವಾಗಿರುವ ಡೈನಮಿನ್ ಪ್ರೋಟೀನಿನ ಪ್ರೋಲಿನ್ ಭರಿತ ತುದಿಯನ್ನು ಹಿಡಿಯುತ್ತದೆ. ಡೈನಮಿನ್ ಎಷ್ಟು ಹೇರಳವೆಂದರೆ, ಹಿಡಿದು ತಂದದ್ದು ಜೆಲ್ಲಿನಲ್ಲಿ 100 ಕಿಲೋಡಾಲ್ಟನ್ ಹತ್ತಿರ ಕೂಮಾಸಿ ಬಣ್ಣದಲ್ಲಿಯೇ ಕಾಣಿಸುತ್ತದೆ. ಅದರ ಮೇಲೆ 145ರ ಆಸುಪಾಸಿನಲ್ಲಿ ಇನ್ನೊಂದು ಪಟ್ಟಿ ಕಂಡರೆ ಅದು ಸಿನಾಪ್ಟೋಜಾನಿನ್ ಇರಬಹುದು. ಅದೂ ಇದೇ ಡೊಮೇನಿನ ಗೆಳೆಯ.

ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಬೆಳಿಗ್ಗೆ ಮಾಂಸದಂಗಡಿಯಲ್ಲಿ ಕುರಿಯ ಮಿದುಳು ಸಿಗುವುದು ಕಷ್ಟವಲ್ಲ. ಕಡಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲವನ್ನು ಐಸಿನಲ್ಲಿ ಹೂತು ತರಬೇಕು. ಐಸ್ ಫ್ಯಾಕ್ಟರಿಯ ಐಸು ಚೀಲದ ಹೊರಗೆ ಇರಲಿ, ಅದರ ನೀರು ಒಳಗೆ ಸೇರದಿರಲಿ. ಮೇಲ್ಪೊರೆಯನ್ನೂ ರಕ್ತವನ್ನೂ ತೆಗೆದು, 2 ಗ್ರಾಂ ಅಂಗಾಂಶವನ್ನು 20 ಮಿಲಿಲೀಟರ್ ತಣ್ಣನೆಯ ಬಫರಿನಲ್ಲಿ ಗಾಜಿನ ಹೋಮೊಜೆನೈಸರಿನಲ್ಲಿ ಅರೆಯಬೇಕು. ಬಫರಿನಲ್ಲಿ 20 ಮಿಲಿಮೋಲಾರ್ ಹೆಪಿಸ್, 150 ಮಿಲಿಮೋಲಾರ್ ಉಪ್ಪು, ನೂರಕ್ಕೆ ಒಂದರಂತೆ ಟ್ರೈಟಾನ್ ಎಕ್ಸ್-100 ಇರಲಿ, ಪಿಎಚ್ 7.4 ಇರಲಿ. ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ ಅನ್ನು ಐಸೋಪ್ರೊಪನಾಲಿನಲ್ಲಿ ಕರಗಿಸಿಟ್ಟುಕೊಂಡು, ಅರೆಯುವ ಕ್ಷಣದಲ್ಲಿಯೇ 1 ಮಿಲಿಮೋಲಾರಿನಷ್ಟು ಹಾಕಬೇಕು. ನೀರಿಗೆ ಬಿದ್ದ ಮೇಲೆ ಅದರ ಆಯುಷ್ಯ ಅಲ್ಪ, ಸೆಕೆಯಲ್ಲಂತೂ ಇನ್ನೂ ಅಲ್ಪ. ನಂತರ 4 ಡಿಗ್ರಿಯಲ್ಲಿ 15,000 ಜಿ ವೇಗದಲ್ಲಿ 30 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು. ಮೇಲೆ ತೇಲುವ ಬಿಳಿಯ ಕೊಬ್ಬಿನ ಪದರವನ್ನು ಪಿಪೆಟ್ಟು ಎಳೆದುಕೊಳ್ಳದಂತೆ ನೋಡಿಕೊಳ್ಳಿ, ಬೀಡ್ಸಿಗೆ ಅದು ಅಂಟಿದರೆ ಎಷ್ಟು ತೊಳೆದರೂ ಬಿಡದು.

ಈ ತಿಳಿಯನ್ನು ಮೊದಲು ಬರಿಯ ಜಿಎಸ್‌ಟಿ ಇರುವ ಬೀಡ್ಸಿನೊಡನೆ ಅರ್ಧ ಗಂಟೆ ತಿರುಗಿಸಿ ಕಸ ತೆಗೆಯಬೇಕು. ಬಳಿಕ ಮೂರು ಟ್ಯೂಬುಗಳಿಗೆ ಸಮನಾಗಿ ಹಂಚಿ, ಒಂದಕ್ಕೆ ಜಿಎಸ್‌ಟಿ, ಒಂದಕ್ಕೆ ಹಿಡಿಯುವ ಎಸ್‌ಎಚ್3, ಒಂದಕ್ಕೆ ಹಿಡಿಯದ ಎಸ್‌ಎಚ್3 ತೊಡಿಸಿದ 20 ಮೈಕ್ರೋಲೀಟರ್ ಗ್ಲುಟಾಥಯೋನ್ ಬೀಡ್ಸನ್ನು ಹಾಕಿ, 4 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಬೇಕು. ಕೋಲ್ಡ್ ರೂಮ್ ಇಲ್ಲದ ಕಡೆ ಗಾಜಿನ ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿಯೇ ರೊಟೇಟರನ್ನು ಇಟ್ಟುಕೊಂಡರೆ ಕೆಲಸ ನಡೆಯುತ್ತದೆ.

ತೊಳೆಯುವ ಹಂತದಲ್ಲಿ ಶುಚಿತ್ವದ ಹೆಸರಿನಲ್ಲಿ ಅತಿ ಮಾಡಬಾರದು. ಈ ನಂಟುಗಳು ಸೆಕೆಂಡುಗಳ ಲೆಕ್ಕದಲ್ಲಿ ಬಿಡಿಸಿಕೊಳ್ಳುವಂಥವು. ಹತ್ತು ಹತ್ತು ನಿಮಿಷಗಳ ಐದು ತೊಳೆತಗಳನ್ನು ಅವು ತಾಳುವುದಿಲ್ಲ. ಅರ್ಧ ಮಿಲಿಲೀಟರ್ ತಣ್ಣನೆಯ ಬಫರ್ ಹಾಕಿ, ಟ್ಯೂಬನ್ನು ಎರಡು ಮೂರು ಬಾರಿ ತಲೆಕೆಳಗು ಮಾಡಿ, ಕೆಲವೇ ಸೆಕೆಂಡು ತಿರುಗಿಸಿ, ನೀರು ತೆಗೆದು, ಹೀಗೆ ಮೂರು ಸಲ ಮಾಡಿ ಮುಗಿಸಬೇಕು. ಕೊನೆಯ ಹನಿಯನ್ನು ಸಪೂರ ಮೂತಿಯ ಟಿಪ್ಪಿನಿಂದ ಹೀರಿ, ಸ್ಯಾಂಪಲ್ ಬಫರ್ ಹಾಕಿ ಕುದಿಸಿದರೆ ಜೆಲ್ಲಿಗೆ ಸಿದ್ಧ. ಜೆಲ್ಲಿನಲ್ಲಿ ಮೂಲ ತಿಳಿಯ ನೂರಕ್ಕೆ ಎರಡರಷ್ಟು ಪಾಲಿಗೆ ಒಂದು ಗುಳಿಯನ್ನು ಮೀಸಲಿಡಬೇಕು, ಮತ್ತು ಜೆಲ್ಲಿನ ಕೆಳಭಾಗವನ್ನು ಕತ್ತರಿಸಿ ಎಸೆಯದೆ ಮೂರು ಗಾಳಗಳೂ ಸಮವಾಗಿವೆಯೆಂದು ತೋರಿಸಬೇಕು.

ಫಾಸ್ಫೇಟನ್ನು ಉಳಿಸಿಕೊಳ್ಳುವುದು

ಎಸ್‌ಎಚ್2 ಪ್ರಯೋಗಕ್ಕೆ ಅಂಗಡಿಯ ಮಿದುಳು ಒಗ್ಗುವುದಿಲ್ಲ. ಪ್ರಾಣ ಹೋದ ಕೆಲವೇ ಕ್ಷಣಗಳಲ್ಲಿ ಫಾಸ್ಫಟೇಸ್‌ಗಳು ಟೈರೋಸಿನ್ನಿನ ಫಾಸ್ಫೇಟನ್ನು ಕಿತ್ತುಹಾಕಲು ಆರಂಭಿಸುತ್ತವೆ. ಇಲ್ಲಿ ಜೀವಕೋಶಗಳನ್ನು ಬೆಳೆಸಲೇಬೇಕು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ಎ431 ಎಂಬ ಮಾನವ ಕ್ಯಾನ್ಸರ್ ಕೋಶಗಳನ್ನು ತರಿಸಿಕೊಂಡರೆ, ಅವುಗಳಲ್ಲಿ ಇಜಿಎಫ್ ಎಂಬ ಬೆಳವಣಿಗೆ ಸಂಕೇತದ ರಿಸೆಪ್ಟರ್ ಅತಿ ಹೆಚ್ಚಾಗಿರುವುದರಿಂದ ಫಲ ಬೇಗ ಕಾಣುತ್ತದೆ. ಒಂದು ರಾತ್ರಿ ಸೀರಮ್ ಇಲ್ಲದೆ ಇಟ್ಟು, ಮರುದಿನ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಇಜಿಎಫ್ ಅನ್ನು ಐದು ನಿಮಿಷ ಕೊಟ್ಟು, ತಟ್ಟೆಯನ್ನು ತಕ್ಷಣ ಐಸಿನ ಮೇಲಿಟ್ಟು ಒಡೆದರೆ, ಗ್ರಬ್2ರ ಎಸ್‌ಎಚ್2 170 ಕಿಲೋಡಾಲ್ಟನ್ ರಿಸೆಪ್ಟರನ್ನು ಹಿಡಿದು ತರುತ್ತದೆ. ಇಜಿಎಫ್ ಕೊಡದ ತಟ್ಟೆಯಿಂದ ಅದು ಬರಬಾರದು, ಆರ್ಜಿನಿನ್ ಬದಲಾಯಿಸಿದ ಗಾಳಕ್ಕೂ ಬರಬಾರದು.

ಒಡೆಯುವ ಬಫರಿನಲ್ಲಿ 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಮತ್ತು 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್ ಇರಬೇಕು. ಟೈರೋಸಿನ್ ಫಾಸ್ಫಟೇಸ್‌ಗಳನ್ನು ತಡೆಯುವುದು ವನಡೇಟ್. ಆದರೆ ಡಬ್ಬಿಯಿಂದ ತೆಗೆದು ಕರಗಿಸಿದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. 200 ಮಿಲಿಮೋಲಾರ್ ದ್ರಾವಣವನ್ನು ಪಿಎಚ್ 10ಕ್ಕೆ ತಂದಾಗ ಅದು ಹಳದಿಯಾಗುತ್ತದೆ. ಆ ಹಳದಿ, ವನಡೇಟ್ ಅಣುಗಳು ಹತ್ತು ಹತ್ತಾಗಿ ಗುಂಪುಗೂಡಿರುವುದರ ಗುರುತು. ಕುದಿಸಿದರೆ ಬಣ್ಣ ಹೋಗಿ ನೀರಿನಂತಾಗುತ್ತದೆ. ತಣಿಸಿ ಪಿಎಚ್ ನೋಡಿ, ಮತ್ತೆ 10ಕ್ಕೆ ತಂದು, ಹಳದಿ ಮರಳಿದರೆ ಮತ್ತೆ ಕುದಿಸಬೇಕು. ಬಣ್ಣವೂ ಬಾರದೆ ಪಿಎಚ್‌ ಕೂಡ ಅಲುಗದೆ ನಿಲ್ಲುವವರೆಗೆ ಇದನ್ನು ಮಾಡಿ, ಸಣ್ಣ ಪಾಲುಗಳಾಗಿ ಮೈನಸ್ 20 ಡಿಗ್ರಿಯಲ್ಲಿಡಬೇಕು. ಇದೇ ಬಫರಿಗೆ ರೂಢಿಯ ಕೈಯಿಂದ ಡಿಟಿಟಿ ಅಥವಾ ಹೆಚ್ಚು ಇಡಿಟಿಎ ಸುರಿದರೆ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಮೊದಲನೆಯದು ವನಡೇಟನ್ನು ಅಪಕರ್ಷಿಸುತ್ತದೆ, ಎರಡನೆಯದು ಅದನ್ನು ಕಟ್ಟಿಹಾಕುತ್ತದೆ.

ರಾಸ್ ಪ್ರೋಟೀನಿಗೆ ಬೇರೆಯದೇ ನಿಯಮ

ರಾಸ್ ಕೋಶದ ಸಂಕೇತಗಳಿಗೆ ಸ್ವಿಚ್ಚಿನಂಥ ಪ್ರೋಟೀನು: ಜಿಟಿಪಿ ಹಿಡಿದಾಗ ಆನ್, ಜಿಡಿಪಿ ಹಿಡಿದಾಗ ಆಫ್. ರಾಫ್1 ಎಂಬ ಪ್ರೋಟೀನಿನ 51ರಿಂದ 131ರವರೆಗಿನ ಭಾಗ ಜಿಟಿಪಿ ಹಿಡಿದ ರಾಸ್ ಅನ್ನು ಹತ್ತಾರು ನ್ಯಾನೋಮೋಲಾರ್ ಮಟ್ಟದಲ್ಲಿ ಹಿಡಿಯುತ್ತದೆ, ಜಿಡಿಪಿ ಹಿಡಿದ ರಾಸ್ ಅನ್ನು ಹೆಚ್ಚುಕಡಿಮೆ ತಿರಸ್ಕರಿಸುತ್ತದೆ. ರ‍್ಯಾಕ್ ಮತ್ತು ಸಿಡಿಸಿ42 ಪ್ರೋಟೀನುಗಳಿಗೆ ಪ್ಯಾಕ್1ರ ಡೊಮೇನನ್ನೂ, ರೋಎ ಪ್ರೋಟೀನಿಗೆ ರೋಟೆಕಿನ್ ಡೊಮೇನನ್ನೂ ಹೀಗೆಯೇ ಬಳಸುತ್ತಾರೆ. ಇಲ್ಲಿ ಬಫರಿನಲ್ಲಿ 10 ಮಿಲಿಮೋಲಾರ್ ಮೆಗ್ನೀಸಿಯಂ ಇರಲೇಬೇಕು; ಮೆಗ್ನೀಸಿಯಂ ಅನ್ನು ಕಟ್ಟಿಹಾಕುವ ಇಡಿಟಿಎ ಸೇರಿದರೆ ರಾಸ್ ತಾನು ಹಿಡಿದ ನ್ಯೂಕ್ಲಿಯೊಟೈಡನ್ನು (ಜಿಟಿಪಿ ಅಥವಾ ಜಿಡಿಪಿಯನ್ನು) ಬಿಟ್ಟುಬಿಡುತ್ತದೆ. ಈ ದೌರ್ಬಲ್ಯವನ್ನೇ ನಿಯಂತ್ರಣ ಪ್ರಯೋಗಕ್ಕೆ ಬಳಸಿಕೊಳ್ಳಬಹುದು: ತಿಳಿಯ ಒಂದು ಪಾಲಿಗೆ ಬೇಕೆಂದೇ ಇಡಿಟಿಎ ಹಾಕಿ, ಜಲವಿಚ್ಛೇದನಕ್ಕೆ ಸಿಗದ ಜಿಟಿಪಿ-ಗಾಮಾ-ಎಸ್ ಅಥವಾ ಜಿಡಿಪಿಯನ್ನು 30 ಡಿಗ್ರಿಯಲ್ಲಿ ತುಂಬಿಸಿ, 60 ಮಿಲಿಮೋಲಾರ್ ಮೆಗ್ನೀಸಿಯಂ ಹಾಕಿ ಮುಚ್ಚಿದರೆ, ಪೂರ್ಣ ಹಿಡಿತಕ್ಕೂ ಶೂನ್ಯ ಹಿಡಿತಕ್ಕೂ ಮಾದರಿಗಳು ಸಿದ್ಧವಾಗುತ್ತವೆ. 30 ಡಿಗ್ರಿಗೆ ವಾಟರ್ ಬಾತ್ ಬೇಕು. ನಮ್ಮ ಬೇಸಿಗೆಯ ಮೇಜು ಅದಕ್ಕಿಂತ ಬಿಸಿಯಾಗಿರುತ್ತದೆಯಾದ್ದರಿಂದ ಬಾತ್‌ಗೂ ಒಂದೆರಡು ತುಂಡು ಐಸು ಬೇಕಾದೀತು. ಹಿಡಿಯದ ಗಾಳ ಇಲ್ಲಿ ರಾಫ್1ರ 89ನೆಯ ಆರ್ಜಿನಿನ್ ಬದಲಿಗೆ ಲ್ಯೂಸಿನ್ ಇರುವುದು. ರಾಸ್ ತಿಳಿಯಲ್ಲಿಯೂ ಜಿಟಿಪಿಯನ್ನು ಒಡೆಯುತ್ತಲೇ ಇರುವುದರಿಂದ ಕೋಶ ಒಡೆಯುವುದರಿಂದ ತೊಳೆಯುವವರೆಗಿನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮುಗಿಸಬೇಕು.

ಪಟ್ಟಿಯನ್ನು ಓದುವುದು

ಜೆಲ್ಲಿನಲ್ಲಿ ಕಂಡ ಪಟ್ಟಿ ನೇರ ನಂಟಿನ ಪುರಾವೆಯಲ್ಲ. ಮಧ್ಯೆ ಮೂರನೆಯ ಪ್ರೋಟೀನೊಂದು ಸೇತುವೆಯಾಗಿ ನಿಂತಿರಬಹುದು. ಇದನ್ನು ಬಿಡಿಸಲು ಪ್ರೋಟೀನುಗಳನ್ನು ಜೆಲ್ಲಿನಿಂದ ಪೊರೆಗೆ ವರ್ಗಾಯಿಸಿ, ಆಂಟಿಬಾಡಿಯ ಬದಲು ಜಿಎಸ್‌ಟಿ-ಡೊಮೇನನ್ನೇ ಪೊರೆಯ ಮೇಲೆ ಹಾಯಿಸಿ, ಜಿಎಸ್‌ಟಿ ವಿರುದ್ಧದ ಆಂಟಿಬಾಡಿಯಿಂದ ಗುರುತಿಸುವ ಫಾರ್ ವೆಸ್ಟರ್ನ್ ವಿಧಾನವಿದೆ. ಜೆಲ್ಲಿನಲ್ಲಿ ಮಡಿಕೆ ಬಿಚ್ಚಿದ ಪ್ರೋಟೀನಿನಲ್ಲಿಯೂ ಫಾಸ್ಫೋಟೈರೋಸಿನ್ ಮತ್ತು ಪ್ರೋಲಿನ್ ಸರಣಿಗಳು ಹಾಗೆಯೇ ಉಳಿಯುವುದರಿಂದ ಎಸ್‌ಎಚ್2 ಮತ್ತು ಎಸ್‌ಎಚ್3ಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಪೊರೆಯನ್ನು ಹಾಲಿನ ಪುಡಿಯಿಂದ ಮುಚ್ಚುವ ರೂಢಿಯನ್ನು ಫಾಸ್ಫೇಟ್ ಓದುವ ಪ್ರಯೋಗಗಳಲ್ಲಿ ಬಿಡಬೇಕು, ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ತುಂಬಿದ ಪ್ರೋಟೀನು, ಅದರ ಬದಲು ಬಿಎಸ್‌ಎ (ಹಸುವಿನ ಸೀರಮ್ಮಿನ ಆಲ್ಬುಮಿನ್) ಬಳಸಿ. ಇನ್ನೂ ಗಟ್ಟಿಯಾದ ಪುರಾವೆ ಬೇಕಿದ್ದರೆ, ಡೊಮೇನು ಇಷ್ಟಪಡುವ ಸರಣಿಯ ಪೆಪ್ಟೈಡನ್ನು ಹೆಚ್ಚುತ್ತಾ ಹೋಗುವ ಪ್ರಮಾಣದಲ್ಲಿ ಸೇರಿಸಿ ಪಟ್ಟಿ ಕ್ರಮವಾಗಿ ಮಸುಕಾಗುವುದನ್ನು ತೋರಿಸಬೇಕು, ಫಾಸ್ಫೇಟ್ ಇಲ್ಲದ ಅದೇ ಪೆಪ್ಟೈಡಿಗೆ ಮಸುಕಾಗದಿರುವುದನ್ನೂ ತೋರಿಸಬೇಕು.

ಪರೀಕ್ಷಾನಳಿಕೆಯಲ್ಲಿ ಹಿಡಿದದ್ದು ಜೀವಕೋಶದಲ್ಲಿಯೂ ಹಿಡಿಯುತ್ತದೆ ಎನ್ನಲು ಇವು ಯಾವುವೂ ಸಾಲವು. ಕೋಶದಲ್ಲಿ ಅವೆರಡೂ ಬೇರೆ ಬೇರೆ ಜಾಗಗಳಲ್ಲಿರಬಹುದು. ಡೊಮೇನಿಗೆ ಜಿಎಫ್‌ಪಿ ಬೆಸೆದು ಜೀವಂತ ಕೋಶದೊಳಗೆ ಅದು ಎಲ್ಲಿಗೆ ಹೋಗುತ್ತದೆಂದು ನೋಡುವುದು ಮುಂದಿನ ಹೆಜ್ಜೆ. ಅಲ್ಲಿ ಲೆಕ್ಕ ತಿರುಗುತ್ತದೆ. ನಳಿಕೆಯಲ್ಲಿ ಧಾರಾಳವಾಗಿ ಹಾಕಬೇಕಿದ್ದ ಡೊಮೇನನ್ನು ಕೋಶದಲ್ಲಿ ಆದಷ್ಟು ಕಡಿಮೆ ಇಡಬೇಕು, ಇಲ್ಲದಿದ್ದರೆ ಅದು ಕೋಶದ ಸ್ವಂತ ಪ್ರೋಟೀನಿನ ಜಾಗವನ್ನು ಆಕ್ರಮಿಸಿ, ಅಳೆಯಲು ಹೊರಟ ಸಂಕೇತವನ್ನೇ ನಿಲ್ಲಿಸಿಬಿಡುತ್ತದೆ. ಮೂರು ಅಮೈನೋ ಆಮ್ಲಗಳನ್ನು ಬದಲಾಯಿಸಿ ಹಿಡಿತವನ್ನು ಬಹಳವಾಗಿ ಬಿಗಿಗೊಳಿಸಿದ, 2012ರಲ್ಲಿ ಪ್ರಕಟವಾದ ಎಸ್‌ಎಚ್2 ಸೂಪರ್‌ಬೈಂಡರ್ ಕೋಶದೊಳಗೆ ಇಜಿಎಫ್ ಸಂಕೇತವನ್ನು ತಡೆದದ್ದು ಇದೇ ಕಾರಣದಿಂದ. ನಳಿಕೆಯಲ್ಲಿ ವಿರಳ ಫಾಸ್ಫೋಪೆಪ್ಟೈಡುಗಳನ್ನು ಒಟ್ಟುಗೂಡಿಸಲು ಅದು ಉತ್ತಮ ಗಾಳ. ಜೀವಂತ ಕೋಶದಲ್ಲಿ ನೋಡಲು ಬದಲಾವಣೆಯಿಲ್ಲದ ಮೂಲ ಡೊಮೇನೇ, ಅದರ ಹಿಡಿಯದ ಜೋಡಿಯ ಸಮೇತ, ಹೆಚ್ಚು ನಂಬಿಕೆಗೆ ಅರ್ಹ.